ಇಳಿಯಬೇಡ ಎಂದವನು

"ನಿಲ್ಲಿಸಿ! ಇನ್ನೊಂದು ಗೆರೆ ಎಳೆಯಬೇಡಿ!"

ರಿಫಾ ಸ್ಕೂಟರನ್ನು ರನ್‌ವೇ ನಡುವೆಯೇ ಬಿಟ್ಟು ಓಡಿ ಬಂದಳು. ಬಣ್ಣದ ಡಬ್ಬದ ಪಕ್ಕ ಮಂಡಿಯೂರಿದ್ದವನು ತಲೆಯೆತ್ತಿದ.

ನಿಝಾರ್!

ಈ ಮುಖವನ್ನು ಮತ್ತೆ ನೋಡಲೇಬಾರದು ಎಂದುಕೊಂಡಿದ್ದಳಲ್ಲ...

ವಾಮದಪದವು ಊರಿನಾಚೆಯ ಕೆಂಪು ಮುರಕಲ್ಲಿನ ಬಯಲಿನಲ್ಲಿದ್ದ ಈ ಪುಟ್ಟ ವಿಮಾನ ನಿಲ್ದಾಣದಲ್ಲಿ ರಿಫಾ ರೇಡಿಯೋ ಮುಂದೆ ಕೂತು ಪೈಲಟ್‌ಗಳಿಗೆ ಗಾಳಿಯ ದಿಕ್ಕು ಹೇಳುತ್ತಿದ್ದಳು. ನಿಝಾರ್ ರನ್‌ವೇ ನೋಡಿಕೊಳ್ಳುವ ಎಂಜಿನಿಯರ್. ಇಬ್ಬರ ಪ್ರೀತಿಗೆ ಮನೆಯವರ ಒಪ್ಪಿಗೆಯೂ ಸಿಕ್ಕಿತ್ತು. ನಿಕಾಹ್‌ಗೆ ದಿನ ನೋಡುವುದಷ್ಟೇ ಬಾಕಿ.

ಆಗಲೇ ಅದು ನಡೆಯಿತು.

ಅವಳ ತಮ್ಮ ಇರ್ಷಾದ್ ಪೈಲಟ್ ಆಗಿ ಮೊದಲ ಸಲ ಊರಿನಲ್ಲಿ ಇಳಿಯುವವನಿದ್ದ. ಮಗನನ್ನು ನೋಡಲು ಉಮ್ಮ ಸೈನಬ ಬೇಲಿಯ ಬಳಿ ನಿಂತು ಆಕಾಶ ನೋಡುತ್ತಿದ್ದರು. ವಿಮಾನ ಕಣ್ಣಿಗೆ ಬಿದ್ದ ಹೊತ್ತಿಗೆ ನಿಝಾರ್ ಏದುಸಿರು ಬಿಡುತ್ತಾ ರೇಡಿಯೋ ಕೋಣೆಗೆ ನುಗ್ಗಿ, ರಿಫಾಳ ಕೈಯಿಂದ ಮೈಕ್ ಕಿತ್ತುಕೊಂಡ.

"ಇಳಿಯಬೇಡ ಇರ್ಷಾದ್! ಮಂಗಳೂರಿಗೆ ಹೋಗು!"

ವಿಮಾನ ಒಂದು ಸುತ್ತು ಹಾಕಿ ಮರೆಯಾಯಿತು. ರನ್‌ವೇ ಕುಸಿಯಬಹುದೆಂದು ನಿಝಾರ್ ವರದಿ ಕೊಟ್ಟ; ಮರುವಾರ ನಿಲ್ದಾಣಕ್ಕೆ ಬೀಗ ಬಿತ್ತು. ರಿಫಾಳ ಕೆಲಸವೂ ಹೋಯಿತು. ಅವಳು ಹೋಗಿ ನೋಡಿದಾಗ ರನ್‌ವೇಯಲ್ಲಿ ಕಂಡದ್ದು ಕೂದಲೆಳೆಯಷ್ಟು ಬಿರುಕು! ಗಲ್ಫಿನಲ್ಲಿ ಕೆಲಸ ಕೊಡಿಸುತ್ತೇವೆಂದ ಯಾರದ್ದೋ ಮಾತು ಕೇಳಿ ನಿಝಾರ್ ನಿಲ್ದಾಣ ಮುಚ್ಚಿಸಿದ ಎಂದು ಜನ ಆಡಿಕೊಂಡರು. ಅವಳು ನಂಬಿದಳು. ನಿಕಾಹ್ ಬೇಡವೆಂದಳು.

ಮುಚ್ಚಿದ ರನ್‌ವೇಗೆ ಯಾರೋ ಗುರುತು ಹಾಕುತ್ತಿದ್ದಾರೆಂದು ಕೇಳಿ ಬಂದಿದ್ದ ರಿಫಾ ಈಗ ಅವನ ಮೇಲೆ ಸಿಡಿದಳು. "ಮುಚ್ಚಿಸಿದ್ದು ಸಾಲಲಿಲ್ವಾ? ಗುರುತು ಹಾಕ್ಲಿಕ್ಕೂ ನೀವೇ ಬರಬೇಕಾ?"

"ಮುಚ್ಚಿದೆ ಅಂತ ಮೇಲಿನಿಂದ ಕಾಣಬೇಕು ರಿಫಾ. ಯಾರಾದರೂ ಗೊತ್ತಿಲ್ಲದೆ ಇಳಿದರೆ..."

"ಏನಾಗ್ತದೆ? ಏನೂ ಆಗುದಿಲ್ಲ!"

"ಅಡಿಯಲ್ಲಿ ಮಣ್ಣೇ ಇಲ್ಲ. ಮಳೆನೀರು ಕೊಚ್ಚಿಕೊಂಡು ಹೋಗಿದೆ. ಎಷ್ಟು ಸಲ ಹೇಳಿದೆ... ನೀನು ಕೇಳ್ಲಿಲ್ಲ."

ಅಷ್ಟರಲ್ಲಿ ಬಣ್ಣ ಹಚ್ಚುವ ಜಾಗ ತೊಳೆಯಲು ಶೇಷಪ್ಪನ ನೀರಿನ ಟ್ಯಾಂಕರ್ ಬಂತು. ಅಡ್ಡ ನಿಂತಿದ್ದ ಸ್ಕೂಟರ್ ಕಂಡು ಅವನು ಬಲಕ್ಕೆ ತಿರುಗಿಸಿದ.

"ಶೇಷಪ್ಪಣ್ಣ, ಆ ಕಡೆ ಬೇಡ!" ನಿಝಾರ್ ಕೂಗಿದ.

ಧಡಾರ್!

ಬಿರುಕಿದ್ದಲ್ಲಿ ನೆಲ ಬಾಯಿಬಿಟ್ಟಿತು. ಮುಂದಿನ ಚಕ್ರಗಳು ಹೊಂಡಕ್ಕಿಳಿದು, ಟ್ಯಾಂಕರ್ ಮುಂದಕ್ಕೆ ಮುಗ್ಗರಿಸಿತು. ನಿಝಾರ್ ಓಡಿಹೋಗಿ ಬಾಗಿಲು ಎಳೆದು ಶೇಷಪ್ಪನನ್ನು ಹೊರಗೆ ತಂದ.

"ಎಂಥ ಆಗ್ಲಿಲ್ಲ ಮಾರಾಯ್ರೇ... ಜೀವ ಉಂಟು," ಎಂದು ಶೇಷಪ್ಪ ನೆಲದ ಮೇಲೆ ಕೂತ.

ರಿಫಾ ಹೊಂಡವನ್ನೇ ನೋಡಿದಳು. ಆಳು ಮುಳುಗುವಷ್ಟು ಆಳ, ಒಳಗೆಲ್ಲ ಕತ್ತಲು. ವಿಮಾನಗಳ ಚಕ್ರ ಮೊದಲು ನೆಲ ಮುಟ್ಟುತ್ತಿದ್ದ ಜಾಗ ಅದೇ.

ಇರ್ಷಾದ್... ಬೇಲಿಯ ಬಳಿ ಉಮ್ಮ... ಯಾ ಅಲ್ಲಾಹ್!

ಅವಳು ಕುಸಿದು ಕೂತು ಬಿಕ್ಕಿದಳು. ನಿಝಾರ್ ಸ್ವಲ್ಪ ದೂರದಲ್ಲೇ ಕೂತ.

"ನನ್ನ ತಮ್ಮನನ್ನು ಉಳಿಸಿದವರಿಗೆ ನಾನು... ಏನೆಲ್ಲ ಹೇಳಿಬಿಟ್ಟೆ! ಯಾಕೆ ಮನೆಗೆ ಬಂದು ಜಗಳ ಮಾಡ್ಲಿಲ್ಲ ನೀವು?"

"ಗೇಟಿನವರೆಗೆ ಬಂದಿದ್ದೆ. ನೀನು ಅಳುವುದು ಕೇಳಿಸಿತು. ನಿನ್ನ ಕೆಲಸ ತೆಗೆದವನು ನಾನೇ ಅಲ್ವಾ... ಹೇಗೆ ಒಳಗೆ ಬರುವುದು?"

ಈ ನಿಲ್ದಾಣ ಇನ್ನು ತೆರೆಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆ ನೋವು ಹಾಗೆಯೇ ಇತ್ತು.

"ನನ್ನ ಮೇಲೆ ಕೋಪ ಉಂಟಾ?" ರಿಫಾ ಕೇಳಿದಳು.

"ಉಂಟು. ತುಂಬಾ ಉಂಟು."

"ಯಾವಾಗ ಹೋಗ್ತದೆ?"

"ಗೊತ್ತಿಲ್ಲ... ನೀನು ಹತ್ತಿರ ಇದ್ದರೆ ಬೇಗ ಹೋಗಬಹುದು."

ರಿಫಾ ಕಣ್ಣೊರೆಸಿಕೊಂಡು ಎದ್ದಳು. "ಹಾಗಾದ್ರೆ ಮನೆಗೆ ಹೋಗುವ. ಉಮ್ಮ, ಬಾಪನ ಹತ್ತಿರ ನಾನೇ ಮಾತಾಡ್ತೇನೆ."

"ಏನಂತ?"

"ನಿಮ್ಮನ್ನು ಬಿಟ್ಟು ನನಗೆ ಆಗುದಿಲ್ಲ ಅಂತ."