ಮರಳುದಿಬ್ಬದ ಮೇಲೆ ಅಪ್ಪನ ಜಾಗ

ಸಮುದ್ರ ಎಲ್ಲೋ ದೂರ. ಆದರೂ ನಮ್ಮೂರ ಪಕ್ಕ ಮರಳುದಿಬ್ಬಗಳಿವೆ, ಬುಡದಲ್ಲಿ ಕಲ್ಲುಗಣಿಯ ಹೊಂಡ ತುಂಬಿ ಕೆರೆಯಾಗಿದೆ. ಚಿಕ್ಕವಳಿದ್ದಾಗ ಭಾನುವಾರಗಳಂದು ನಾನು ಆ ಮರಳಲ್ಲಿ ಜಾರುತ್ತಿದ್ದೆ. ಹಿಂದೆ ಗಣಿಯಲ್ಲಿ ಲಾರಿ ಓಡಿಸಿದ್ದ ಅಪ್ಪ, ಅಮ್ಮನ ಜೊತೆ ಮೇಲೆ ಕೂತು ನಗುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ, ಚಳಿಗಾಲದ ಒಂದು ಸಂಜೆ ಅಮ್ಮನನ್ನು ಅಲ್ಲಿಗೆ ಕರೆದೊಯ್ದೆ. ಅವಳ ಪಕ್ಕ ಕೂರಲು ಹೋದರೆ, "ಅಲ್ಲಿ ಬೇಡ ಕಣೇ, ಈ ಕಡೆ ಬಾ," ಎಂದಳು. ಅಷ್ಟರಲ್ಲಿ ಕೈಯೂರಿದ್ದೆ. ಮರಳೆಲ್ಲ ಕೊರೆಯುತ್ತಿತ್ತು, ಆ ಜಾಗ ಮಾತ್ರ ಬೆಚ್ಚಗಿತ್ತು. ಡೀಸೆಲ್ ವಾಸನೆ ಬಂತು. ನನಗೆ ಹೆದರಿಕೆಗಿಂತ ಅಳುವೇ ಉಕ್ಕಿತು. ಎದ್ದು ಅಮ್ಮನ ಈಚೆ ಬದಿಗೆ ಬಂದು ಕೂತೆ.

"ಹೊರಡೋಣ್ವಾ ಅಮ್ಮ?"

"ಹೊತ್ತು ಮುಳುಗ್ಲಿ ಇರೇ. ಅವರು ಯಾವತ್ತು ಅದಕ್ಕೆ ಮೊದ್ಲು ಎದ್ದಿದ್ರು?"

ಮಂಡಿನೋವಿನ ಅಮ್ಮನನ್ನು ದಿನವೂ ನಾನೇ ಎಬ್ಬಿಸಬೇಕಿತ್ತು. ಅಂದು ಹೊತ್ತು ಮುಳುಗಿದಾಗ ಅವಳು ಆಚೆ ಕಡೆಗೆ ಕೈ ಚಾಚಿ, ಸಲೀಸಾಗಿ ಎದ್ದುನಿಂತಳು. ನಾನಿನ್ನೂ ಈಚೆ ಕೂತೇ ಇದ್ದೆ.