ಅಣ್ಣತಮ್ಮಂದಿರ ಪಟ ಅಳಿಸಿದವರು ಯಾರು?

"ಡಾಕ್ಟ್ರೇ, ನನಗೆ ಹಲ್ಲುನೋವಿಲ್ಲ. ನಮ್ಮನೇಲಿ ಒಂದು ಫೋಟೋ ಕೊಲೆಯಾಗಿದೆ," ಎಂದಳು ಎದುರು ಮನೆಯ ಸೊಸೆ, ರೋಗಿಯ ಕುರ್ಚಿಗೆ ಒರಗಿಕೊಂಡು.

ನರ್ಸ್ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. ಹಲ್ಲಿನ ಡಾಕ್ಟರಮ್ಮನ ಬಳಿ ಕೆಲಸಕ್ಕಿದ್ದ ಅವಳಿಗೆ ಇದೇನೂ ಹೊಸದಲ್ಲ. ಬೀದಿಯಲ್ಲಿ ಏನೇ ಕಳೆದುಹೋದರೂ ಜನ ಮೊದಲು ಬರುತ್ತಿದ್ದದ್ದು ಇಲ್ಲಿಗೇ. ಬಾಯಿ ಬಿಡಿಸುವುದರಲ್ಲಿ ಡಾಕ್ಟರಮ್ಮನನ್ನು ಮೀರಿಸುವವರಿರಲಿಲ್ಲ.

ಕ್ಯಾಮೆರಾ ಕೊಳ್ಳುವಾಗ ಸೊಸೆಯ ಗಂಡ ಮೈತುಂಬ ಗುಂಡಿಗಳಿದ್ದ ದೊಡ್ಡದೊಂದಕ್ಕೆ ಮನಸೋತಿದ್ದ. ಅವಳು ಹಟ ಹಿಡಿದು, ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಕೊಡಿಸಿದ್ದಳು.

"ನಮ್ಮತ್ತೆ ಕೈಲೂ ಒತ್ತೋಕಾಗ್ಬೇಕಲ್ಲ ಅಂತ. ಅಂಗಡಿಯವರು ಪೆಟ್ಟಿಗೆ ಒಡೆದವರೇ, ಇನ್ನೂ ಪಟ ಉಳಿಸೋ ಕಾರ್ಡ್ ಕೂಡ ಹಾಕಿರ್ಲಿಲ್ಲ, ಟಕ್ ಅಂತ ನಂದೇ ಒಂದು ಪಟ ತೆಗೆದು ತೋರಿಸಿದ್ರು. ಅಷ್ಟು ಸುಲಭ."

ಮಗುವಿನ ಹುಟ್ಟುಹಬ್ಬಕ್ಕೆ ಮಾವನ ಅಣ್ಣ ಬಂದಿದ್ದರು. ನಡುಗೋಡೆಯ ಜಗಳದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅಂದು ಒಂದೇ ಸೋಫಾದಲ್ಲಿ ಕೂತು ಪಟ ತೆಗೆಸಿಕೊಂಡರು. ಎಲ್ಲರೂ ಅದನ್ನು ಕ್ಯಾಮೆರಾದಲ್ಲೇ ನೋಡಿ ಖುಷಿಪಟ್ಟರು. ಆಮೇಲೆ ಅಣ್ಣ ಪ್ರತಿ ಕೇಳಲು ಬಂದಾಗ, ಹಳೆಯ ಪಟಗಳೆಲ್ಲ ಇದ್ದವು. ಹುಟ್ಟುಹಬ್ಬದ್ದು ಒಂದೂ ಇರಲಿಲ್ಲ.

"ನನ್ನ ಮುಖ ಬೇಡವಾಗಿತ್ತು, ತಮ್ಮನೇ ಅಳಿಸಿದ್ದಾನೆ ಅಂತಾರೆ ದೊಡ್ಡಮಾವ. ಕೊನೇಲಿ ಕ್ಯಾಮೆರಾ ಅಣ್ಣನ ಕೈಲೇ ಇತ್ತು ಅಂತಾರೆ ನಮ್ಮಾವ. ಮತ್ತೆ ಮಾತು ಬಂದ್."

"ನಿಮ್ಮ ಯಜಮಾನ್ರು?"

"ಸುಲಭದ ಕ್ಯಾಮೆರಾ, ಅಳಿಸೋದೂ ಸುಲಭ ಅಂತಾರೆ. ಸಂಜೆ ವಾಪಸ್ ಕೊಟ್ಟು ದೊಡ್ಡದು ತರ್ತಾರಂತೆ. ಹುಟ್ಟುಹಬ್ಬದ ದಿನಾನೂ ಹಂಗೇ ಆಡ್ಕೊಂಡ್ರು. ನಾಲ್ಕಾರು ಪಟಕ್ಕೇ ಜಾಗ ತುಂಬಿದೆ ಅಂತ ಪರದೆ ಮೇಲೆ ಬಂತಲ್ಲ, ಅದಕ್ಕೆ."

"ಆಮೇಲೆ ತೆಗೆದ್ರಾ?"

"ನಿನ್ನೆ ಮಗೂದು ತೆಗೆದೆ. ತಕರಾರಿಲ್ದೆ ತೆಗೀತು."

ಅಂದಮೇಲೆ ಯಾರೋ ಅಳಿಸಿ ಜಾಗ ಮಾಡಿರಲೇಬೇಕು. ಅದು ಗಂಡನದೇ ಕೆಲಸ ಎಂದು ನರ್ಸ್ ಅಲ್ಲೇ ತೀರ್ಪು ಕೊಟ್ಟುಬಿಟ್ಟಳು, ಮನಸ್ಸಿನಲ್ಲಿ. ಡಾಕ್ಟರಮ್ಮ ಮಾತ್ರ ಕೈಗವಸು ಕಳಚುತ್ತ, "ಸಂಜೆ ನಾವೇ ಬರ್ತೀವಿ, ದೊಡ್ಡಮಾವನನ್ನೂ ಕರೆಸಿ," ಎಂದರು.

ಸಂಜೆ ಆ ಮನೆಯ ಹಜಾರದಲ್ಲಿ ಅಣ್ಣತಮ್ಮಂದಿರು ಎರಡು ಮೂಲೆ ಹಿಡಿದು ಕೂತಿದ್ದರು. ಗಂಡ ಕ್ಯಾಮೆರಾದ ಖಾಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಡಲು ತುದಿಗಾಲಲ್ಲಿದ್ದ. ಟಿವಿಯ ಸದ್ದು ತಗ್ಗಿಸಲು ನರ್ಸ್ ರಿಮೋಟ್ ಒತ್ತಿದಳು. ಅದು ಜಪ್ಪಯ್ಯ ಅನ್ನಲಿಲ್ಲ.

"ಇರಮ್ಮ, ಸೆಲ್ಲು ಕೊಡ್ತೀನಿ," ಎಂದು ಅತ್ತೆ ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತಂದರು. "ಸುಮ್ಮನೆ ಬಿದ್ದಿರೋವಾಗ ಒಳಗಿದ್ದು ಯಾಕೆ ಸವೀಬೇಕು?"

ಡಬ್ಬಿಯಲ್ಲಿ ಟಾರ್ಚಿನ, ರೇಡಿಯೋದ, ಗಡಿಯಾರದ ಸೆಲ್ಲುಗಳು ಒತ್ತೊತ್ತಾಗಿ ಮಲಗಿದ್ದವು. ಡಾಕ್ಟರಮ್ಮನ ಕಣ್ಣು ಅದರ ಮೇಲೇ ನೆಟ್ಟಿತು.

"ಅಮ್ಮಾ, ಹುಟ್ಟುಹಬ್ಬದ ದಿನ ಕ್ಯಾಮೆರಾದ ಸೆಲ್ಲೂ ಇದರಿಂದಲೇ ಬಂತಾ?"

"ಹೂಂ, ನಾನೇ ಕೊಟ್ಟೆ. ಸೊಸೆ ಹಾಕ್ಕೊಂಡ್ಲು."

"ಸೆಲ್ಲಿನ ಪಕ್ಕ ಒಂದು ತೆಳ್ಳನೆ ಬಿಲ್ಲೆ ಇತ್ತಲ್ಲ?"

"ಅದನ್ನೂ ತೆಗೆದಿಟ್ಟಿದ್ದೆ. ಕೊಡೋಕೆ ಮರೆತೆ. ಮಾರನೇ ದಿನ ಡಬ್ಬೀಲಿ ಕಾಣಿಸ್ತು, ಎಲ್ಲಿಂದ ತೆಗೆದಿದ್ನೋ ಅಲ್ಲೇ ಸಿಕ್ಕಿಸಿದೆ. ನಾನೇನೂ ಕಳೆದಿಲ್ಲಪ್ಪ!"

ಡಾಕ್ಟರಮ್ಮ ಕ್ಯಾಮೆರಾ ಎತ್ತಿಕೊಂಡರು.

"ಯಾರೂ ಏನನ್ನೂ ಅಳಿಸಿಲ್ಲ. ಅಂಗಡೀಲಿ ಕಾರ್ಡಿಲ್ಲದೆ ಪಟ ಬಂತು ಅಂದ್ರೆ, ಇದರ ಹೊಟ್ಟೆಯೊಳಗೇ ಒಂಚೂರು ಜಾಗ ಇದೆ. ಅಮ್ಮ ತೆಗೆದಿಟ್ಟ ಬಿಲ್ಲೆಯೇ ಆ ಕಾರ್ಡ್; ಅದಿಲ್ಲದ್ದರಿಂದ ಹುಟ್ಟುಹಬ್ಬದ ಪಟಗಳು ಒಳಗಿನ ಜಾಗಕ್ಕೆ ಹೋದವು. ಅದಕ್ಕೇ ಬೇಗ ತುಂಬಿತು. ಕಾರ್ಡ್ ವಾಪಸ್ ಬಂದಮೇಲೆ ಕ್ಯಾಮೆರಾ ಕಾರ್ಡಿನಲ್ಲಿರೋದನ್ನ ಮಾತ್ರ ತೋರಿಸ್ತು. ನಿನ್ನೆ ಮಗುವಿನ ಪಟಕ್ಕೆ ಜಾಗ ಸಿಕ್ಕಿದ್ದೂ ಆ ಕಾರ್ಡಿನಲ್ಲೇ. ಅಂಗಡಿಯಲ್ಲಿ ತೆಗೆದ ಸೊಸೆಯ ಪಟಾನೂ ಇಷ್ಟುದಿನ ಯಾರಿಗೂ ಕಾಣಿಸಿರ್ಲಿಲ್ಲ, ಅಲ್ವಾ?"

"ಹೌದಲ್ಲ!" ಎಂದಳು ಸೊಸೆ.

ಡಾಕ್ಟರಮ್ಮ ಕ್ಯಾಮೆರಾದ ಅಡಿಯ ಮುಚ್ಚಳ ತೆರೆದು, ಹಾಲುಹಲ್ಲು ಕೀಳುವಷ್ಟೇ ನಾಜೂಕಾಗಿ ಕಾರ್ಡ್ ಹೊರತೆಗೆದರು. ಮತ್ತೆ ಗುಂಡಿ ಒತ್ತಿದರು. ಪರದೆಯ ಮೇಲೆ ಅಣ್ಣತಮ್ಮಂದಿರು ಕೂತಿದ್ದರು.

ಇಬ್ಬರೂ ಮೂಲೆ ಬಿಟ್ಟೆದ್ದು ಬಂದರು. ತಲೆಗೆ ತಲೆ ತಾಗಿಸದೆ ಅಷ್ಟು ಚಿಕ್ಕ ಪರದೆ ನೋಡುವಂತಿರಲಿಲ್ಲ.

"ಕಣ್ಣು ಮುಚ್ಕೊಂಡಿದೀಯಲ್ಲೋ ಕತ್ತೆ," ಎಂದರು ಅಣ್ಣ.

"ನಿನ್ನ ಮೊಣಕೈ ಪಕ್ಕೆಗೆ ತಿವೀತಿತ್ತು, ಇನ್ನೇನ್ ಮಾಡ್ಲಿ?"

"ಹಂಗಾದ್ರೆ ಇನ್ನೊಂದು ತೆಗೆಸು."

ಇಬ್ಬರೂ ಸೋಫಾದಲ್ಲಿ ಕೂತರು. ಸೊಸೆ ಕಾರ್ಡ್ ಹಾಕಿ ಕ್ಯಾಮೆರಾವನ್ನು ಅತ್ತೆಯ ಕೈಗೇ ಕೊಟ್ಟಳು. ಅವರು ಉಸಿರು ಬಿಗಿಹಿಡಿದು ಒಂದೇ ಒಂದು ಗುಂಡಿ ಒತ್ತಿದರು. ಪಟ ಬಂತು, ನಾಲ್ಕು ಕಣ್ಣೂ ತೆರೆದಿದ್ದವು. ಗಂಡ ಎದ್ದು ಖಾಲಿ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟು ಬಂದ. ಅವನ ಮೇಲೆ ಅನುಮಾನಪಟ್ಟಿದ್ದ ನರ್ಸ್ ಕಿಟಕಿಯ ಕಡೆ ನೋಡಿದಳು.

ಅಷ್ಟರಲ್ಲಿ ಅತ್ತೆಯ ಉಗುರು ತಾನಾಗಿ ಕ್ಯಾಮೆರಾದ ಮುಚ್ಚಳದತ್ತ ಹೋಯಿತು.

"ಬೇಡಾ!" ಎಂದು ಮನೆಮಂದಿಯೆಲ್ಲ ಒಟ್ಟಿಗೇ ಕೂಗಿದರು.