ಬಿಳಿ ಉಟ್ಟ ಮಧ್ಯಾಹ್ನ

"ಈ ಏಣಿಯಿಂದ ಬಿದ್ದು ಸತ್ರೆ ನನಗೆಷ್ಟು ವರ್ಷ ಕಪ್ಪು ಉಡ್ತೀಯ?" ಎವೇಲಿಯೊ ಮೇಲಿನಿಂದ ಕೇಳಿದ.

ಕೆಳಗೆ ಬ್ರೆಡ್ಡಿನ ಬುಟ್ಟಿ ಹಿಡಿದು ನಿಂತಿದ್ದ ಕಸಿಲ್ದಾ ತಲೆ ಎತ್ತಲಿಲ್ಲ. "ಮದುವೆ ಇನ್ನೂ ಆಗಿಲ್ವಲ್ಲ. ಒಂದು ವಾರ ಉಟ್ರೆ ಹೆಚ್ಚು."

"ಒಂದೇ ವಾರನಾ, ಕಟುಕಿ!"

ಅವಳ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಆ ತುದಿಯನ್ನು ನೋಡಿಕೊಂಡೇ ಎವೇಲಿಯೊ ಒಂಬತ್ತು ವರ್ಷ ಕಳೆದಿದ್ದ.

ಒಂಬತ್ತು ವರ್ಷದ ಹಿಂದೆ ಅಪ್ಪ ಸತ್ತಾಗ ಕಸಿಲ್ದಾ ಶೋಕದ ಕಪ್ಪು ಉಟ್ಟಳು, ನಾಲ್ಕು ವರ್ಷಕ್ಕೆಂದು. ಅದು ಮುಗಿಯುವ ಮೊದಲೇ ಅಣ್ಣ ಹೋದ, ಆಮೇಲೆ ಅಮ್ಮ. ಸ್ಪೇನಿನ ಕಸ್ತೀಲದ ಆ ಬಯಲು ಊರಿನವರು ಈ ಲೆಕ್ಕದಲ್ಲಿ ಒಂದು ದಿನವನ್ನೂ ಬಿಡುವವರಲ್ಲ. ಕಪ್ಪಿನಲ್ಲೇ ಮದುವೆಯಾಗೋಣ, ನಸುಕಿನಲ್ಲಿ, ಗಂಟೆ ಬೇಡ, ಹಾಡು ಬೇಡ, ಪಾದ್ರಿಯೊಬ್ಬರಿದ್ದರೆ ಸಾಕು ಎಂದು ಎವೇಲಿಯೊ ಎರಡು ಸಲ ಗೋಗರೆದಿದ್ದ. ಅವಳು ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ನಿನ್ನ ಮುಂದೆ ಬಂದ್ರೆ ಬಿಳಿಯಲ್ಲೇ ಬರ್ತೀನಿ," ಎಂದಿದ್ದಳು. "ಇಲ್ಲಾಂದ್ರೆ ಬರೋದೇ ಇಲ್ಲ."

ಈ ನವೆಂಬರಿನ ಸಂತ ಮಾರ್ತೀನನ ಹಬ್ಬಕ್ಕೆ ಅಮ್ಮನ ನಾಲ್ಕು ವರ್ಷ ಮುಗಿಯುತ್ತಿತ್ತು. ಬಿಳಿ ಬಟ್ಟೆಯ ಥಾನು ಆಗಲೇ ಅವಳ ಪೆಟ್ಟಿಗೆಯಲ್ಲಿತ್ತು. ಉಳಿದದ್ದು ಹನ್ನೊಂದು ವಾರ.

ಮದ್ರಿದ್‌ನವರು ಬಂದಿದ್ದು ಆಗಲೇ. ಊರಾಚೆಯ ಪಾಳುಬಿದ್ದ ದೊಡ್ಡಮನೆಯಲ್ಲಿ ಅವರು ದೆವ್ವದ ಸಿನಿಮಾ ತೆಗೆಯುತ್ತಿದ್ದರು. ಎವೇಲಿಯೊ ಊರಿನ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುವವನು, ಕರೆಂಟಿನ ಕೆಲಸ ಬಲ್ಲವನು. ಹಾಗಾಗಿ ಏಣಿ ಹತ್ತಿ ದೀಪ ಹಿಡಿಯುವ ಕೆಲಸ ಅವನ ಪಾಲಿಗೆ ಬಂತು. ಅವರಿಗೆಲ್ಲ ಬ್ರೆಡ್ಡು ತರುವ ಕೆಲಸ ಕಸಿಲ್ದಾಳದು.

ಆ ದಿನ ಊಟಕ್ಕೆ ಮುಂಚೆ, ಎವೇಲಿಯೊ ವೈರು ತರಲು ಊರಿಗೆ ಹೋಗಿದ್ದಾಗ, ಮದುಮಗಳ ದೆವ್ವವಾಗಿ ನಡೆಯಬೇಕಿದ್ದ ನಟಿ ಕಾಲು ಉಳುಕಿಸಿಕೊಂಡಳು. ಬದಲಿಗೆ ಯಾರನ್ನೋ ಹಿಡಿದಿದ್ದಾರೆ ಎಂಬುದಷ್ಟೇ ಅವನು ಮರಳಿದಾಗ ತಿಳಿದದ್ದು. ಏಣಿ ಹತ್ತಿ ದೀಪ ತಿರುಗಿಸಿದ.

ಮೆಟ್ಟಿಲ ತುದಿಯಲ್ಲಿ ಅವಳು ಕಾಣಿಸಿಕೊಂಡಳು. ಅಡಿಯಿಂದ ಮುಡಿವರೆಗೆ ಬಿಳಿ, ಮುಖದ ಮೇಲೆ ತೆಳು ಮುಸುಕು. ತುಂಬಿದ ಕೊಡ ಹೊತ್ತವಳ ಹಾಗೆ, ಒಂದೊಂದೇ ಮೆಟ್ಟಿಲು ಇಳಿದಳು. ಆ ನಡಿಗೆ ಎವೇಲಿಯೊಗೆ ಗೊತ್ತಿತ್ತು. ಅದು ಕಸಿಲ್ದಾಳದು.

ಕೊನೆಯ ಮೆಟ್ಟಿಲಲ್ಲಿ ನಿಂತು, ಯಾರೂ ಹೇಳದಿದ್ದರೂ, ಅವಳು ಮುಸುಕು ಎತ್ತಿ ಏಣಿಯತ್ತ ನೋಡಿದಳು. ಕೆನ್ನೆ ಕೆಂಪಾಗಿತ್ತು. ಕಣ್ಣಲ್ಲಿ ಒಂದೇ ಒಂದು ಪ್ರಶ್ನೆ ಇತ್ತು. ಚೆಂದ ಎಂದರೆ ಅಷ್ಟು ಚೆಂದವನ್ನು ಅವನು ತನ್ನ ಟಾಕೀಸಿನ ತೆರೆಯ ಮೇಲೂ ಕಂಡಿರಲಿಲ್ಲ. ಅದನ್ನೇ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು.

ಆದರೆ ಅವನು ಒಂಬತ್ತು ವರ್ಷ ಕಾದ ಬಿಳಿಯನ್ನು ಅವಳು ಸಿನಿಮಾದವರಿಗೆ ಉಟ್ಟು ತೋರಿಸಿದ್ದಳು. "ಹೆಣದ ಬಟ್ಟೆ ನಿನಗೆ ಚೆನ್ನಾಗಿ ಒಪ್ಪುತ್ತೆ!" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ.

ಮದ್ರಿದ್‌ನವರು ಗೊಳ್ಳೆಂದು ನಕ್ಕರು. ಕಸಿಲ್ದಾ ಮುಸುಕು ಇಳಿಸಿಕೊಂಡಳು.

ಅಂಗಳದಲ್ಲಿ ಅವನು ಅವಳನ್ನು ಅಡ್ಡಗಟ್ಟಿದಾಗ ಅವಳು ಮತ್ತೆ ಕಪ್ಪಿನಲ್ಲಿದ್ದಳು.

"ನಾನು ಒಂಬತ್ತು ವರ್ಷ ಕಾದೆ, ನನಗೆ ಬಿಳಿ ಉಡಲಿಲ್ಲ. ಸಿಗರೇಟು ಸೇದೋ ಆ ಡೈರೆಕ್ಟರಿಗೆ ಒಂದೇ ಮಾತು ಸಾಕಾಯ್ತಾ?"

"ಸಿನಿಮಾದಲ್ಲಿ ಸತ್ತವಳ ಬಟ್ಟೆ ಅಲ್ವಾ? ಉಟ್ರೆ ಅಮ್ಮನಿಗೆ ದ್ರೋಹ ಆಗಲ್ಲ ಅಂದ್ಕೊಂಡೆ."

"ಉಡೋದಕ್ಕೆ ಅಷ್ಟು ಆಸೆನಾ?"

"ಭಯ ಕಣೋ." ಅವಳು ಬುಟ್ಟಿಯ ಹಿಡಿಯನ್ನು ತಿರುಚಿದಳು. "ನನಗೀಗ ಮೂವತ್ತನಾಲ್ಕು. ಬಿಳಿ ಇನ್ನೂ ಒಪ್ಪುತ್ತೋ ಇಲ್ವೋ ಗೊತ್ತಿರಲಿಲ್ಲ. ನಿನ್ನ ಮುಖದಲ್ಲಿ ನೋಡ್ಕೊಳ್ಳೋಣ ಅಂತ ಬಂದೆ."

ಎವೇಲಿಯೊ ಕೈಯಲ್ಲಿದ್ದ ವೈರನ್ನು ಸುತ್ತತೊಡಗಿದ. ಸುತ್ತಿ ಮುಗಿಯುವವರೆಗೆ ಅವಳು ಕಾದಳು. ಆಮೇಲೆ ಬುಟ್ಟಿಯನ್ನು ಸೊಂಟಕ್ಕೇರಿಸಿ ಹೊರಟಳು.

ಸಂತ ಮಾರ್ತೀನನ ಹಬ್ಬದ ಬೆಳಿಗ್ಗೆ ಅವನು ಹೊಸ ಕೋಟು ತೊಟ್ಟು, ಹುರಿದ ಚೆಸ್ಟ್‌ನಟ್ಟಿನ ಬಿಸಿ ಪೊಟ್ಟಣ ಹಿಡಿದು ಅವಳ ಬಾಗಿಲು ತಟ್ಟಿದ. ಹನ್ನೊಂದು ವಾರ ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿದ್ದ. ಬಾಗಿಲು ತೆರೆಯಿತು. ಅವಳು ಕಪ್ಪು ಉಟ್ಟಿದ್ದಳು.

"ಅಮ್ಮನದು ಇವತ್ತಿಗೆ ಮುಗೀತಲ್ಲ?"

"ಮುಗೀತು."

"ಮತ್ತೆ ಇದು ಯಾರಿಗೆ?"

"ಆವತ್ತು ಮೆಟ್ಟಿಲು ಇಳಿದು ಬಂದ್ಲಲ್ಲ, ಅವಳಿಗೆ."

"ಕಸಿಲ್ದಾ, ಉರಿಯಲ್ಲಿ ಏನೋ ಅಂದ್ಬಿಟ್ಟೆ. ತಪ್ಪಾಯ್ತು. ಪಾದ್ರಿ ಹತ್ರ ಇವತ್ತೇ ಹೋಗೋಣ, ಬಾ."

"ನಿನ್ನ ಮೇಲೆ ಕೋಪ ಇಲ್ಲ." ಅವಳ ದನಿ ಮೆತ್ತಗಿತ್ತು, ಅದೇ ಅವನನ್ನು ಹೆದರಿಸಿತು. "ನಿನ್ನೆ ಆ ಥಾನು ತೆಗೆದು ಮೈಮೇಲೆ ಹಾಕ್ಕೊಂಡೆ. ಅವರೆಲ್ಲ ನಕ್ಕಿದ್ದು ಕೇಳಿಸ್ತು. ಎಷ್ಟು ಸಲ ಹಾಕ್ಕೊಂಡ್ರೂ ಅದೇ ಕೇಳಿಸುತ್ತೆ."

"ಅವಳಿಗೆ ಎಷ್ಟು ವರ್ಷ ಉಡ್ತೀಯ?"

"ಅವಳಿಗೆ ಕಪ್ಪು ಉಡೋಕೆ ನಾನೊಬ್ಳೇ ಇರೋದು. ಗೊತ್ತಿಲ್ಲ."

ಪೊಟ್ಟಣವನ್ನು ತೆಗೆದುಕೊಂಡಳು. ಅವನ ಬೆರಳು ಸುಡುತ್ತಿದ್ದದ್ದನ್ನು ನೋಡಿ, ಅಷ್ಟಕ್ಕೆ ಮಾತ್ರ. ಮರುವಸಂತದಲ್ಲಿ ಬಿಲ್ಬಾವೊ ಪಟ್ಟಣದ ಚಿಕ್ಕಮ್ಮನ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ಒಂದು ವರ್ಷದ ಮೇಲೆ ಸಿನಿಮಾ ಊರಿಗೆ ಬಂತು. ಭಾನುವಾರದ ಮಧ್ಯಾಹ್ನ ಟಾಕೀಸು ಕಿಕ್ಕಿರಿಯಿತು. ಎವೇಲಿಯೊ ಪ್ರೊಜೆಕ್ಟರಿನ ಪಕ್ಕದ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ನಿಂತ. ಮೆಟ್ಟಿಲ ತುದಿಯಲ್ಲಿ ಅವಳು ಕಾಣಿಸಿಕೊಂಡಳು. ಕೊನೆಯ ಮೆಟ್ಟಿಲಲ್ಲಿ ಮುಸುಕು ಎತ್ತಿ, ತೆರೆಯಾಚೆ ಎಲ್ಲೋ ಮೇಲಕ್ಕೆ ನೋಡಿದಳು. ಡೈರೆಕ್ಟರು ಆ ನೋಟವನ್ನು ಕತ್ತರಿಸದೆ ಹಾಗೇ ಇಟ್ಟಿದ್ದ.

ಊರಿಗೆ ಊರೇ ಕಿಟಾರನೆ ಕಿರುಚಿತು. ದೆವ್ವ ಯಾರನ್ನೋ ಬಲಿಗೆ ಆರಿಸಿಕೊಂಡಿತು ಎಂದು ಎಲ್ಲರೂ ತಿಳಿದರು. "ಏನು ಕಣ್ಣಪ್ಪಾ ಅದು!" ಎಂದು ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಮೂರು ದಿನ, ಆರು ಆಟ. ಪ್ರತಿ ಸಲವೂ ಅವಳು ಅವನನ್ನೇ ನೋಡಿ ಕೇಳಿದಳು. ಪ್ರತಿ ಸಲವೂ ಅವನು ಕಿಂಡಿಗೆ ಬಾಯಿಟ್ಟು "ಒಪ್ಪುತ್ತೆ, ತುಂಬಾ ಒಪ್ಪುತ್ತೆ" ಎಂದ. ಪ್ರೊಜೆಕ್ಟರಿನ ಸದ್ದಿಗೆ ಅದು ಅವನಿಗೂ ಕೇಳಿಸಲಿಲ್ಲ. ನಾಲ್ಕನೆಯ ದಿನ ರೀಲುಗಳನ್ನು ಡಬ್ಬಿಗೆ ತುಂಬಿ, ಪಕ್ಕದ ಊರಿನ ಬಸ್ಸಿಗೆ ತಾನೇ ಹೊತ್ತು ಹಾಕಿ ಬಂದ.